ಗೇಟಿನ ಹತ್ತಿರ ಗಾಡಿ ಆಫ್ ಮಾಡಿ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಶುಕ್ರವಾರ ಐದನೇ ತರಗತಿಯ ಮಕ್ಕಳು ನನ್ನ ಕೋಣೆಗೆ ಒಂದು ಬಿಳಿ ಕರ್ಚೀಫು ತಂದರು. ಗೇಟಿನ ಪಕ್ಕದ ದಾಸವಾಳದ ಎಲೆಗಳನ್ನು ಅದರಲ್ಲಿ ಒರೆಸಿದ್ದರಂತೆ. ಬಟ್ಟೆಗೆಲ್ಲ ಮಸಿ ಹಿಡಿದಿತ್ತು. "ಟೀಚರ್, ಇದು ನಮ್ಮ ಮೂಗಿನೊಳಗೂ ಹೋಗ್ತದಲ್ಲ?" ಎಂದು ಒಬ್ಬಳು ಕೇಳಿದಳು. ಹೌದು ಅಂದೆ. ಬೇರೆ ಏನು ಹೇಳಲಿ?

ಸಂಜೆ ಬೆಲ್ ಹೊಡೆಯುವ ಹತ್ತು ನಿಮಿಷ ಮೊದಲೇ ಕಾರು, ರಿಕ್ಷಾ, ಓಮ್ನಿಗಳು ಬಂದು ಸಾಲಾಗಿ ನಿಲ್ಲುತ್ತವೆ. ಹೆಚ್ಚಿನವು ಸ್ಟಾರ್ಟ್‌ನಲ್ಲೇ ಇರುತ್ತವೆ. ನಮ್ಮ ಊರಿನ ಸೆಕೆ ಗೊತ್ತಲ್ವಾ, ಎ.ಸಿ. ಬೇಕು ಅನಿಸುತ್ತದೆ. ಮಳೆಗಾಲದಲ್ಲಂತೂ ಗ್ಲಾಸ್ ಇಳಿಸುವಂತಿಲ್ಲ. ಆದರೆ ಎಲ್‌ಕೆಜಿ ಮಕ್ಕಳು ಗಿಡ್ಡ. ಸೈಲೆನ್ಸರ್‌ನ ಹೊಗೆ ನೇರ ಮುಖಕ್ಕೇ ಬಡಿಯುತ್ತದೆ. ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುವುದೂ ಅವರೇ.

ಆಫ್ ಮಾಡಿ ಪುನಃ ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ಜಾಸ್ತಿ ಬೇಕು ಎಂದು ಕೆಲವರು ಹೇಳಿದ್ದೀರಿ. ಅದು ಹಳೆಯ ಕಾರ್ಬುರೇಟರ್ ಗಾಡಿಗಳ ಕಾಲದ ಮಾತು. ಈಗಿನ ಇಂಜಿನ್‌ಗಳಲ್ಲಿ 10 ಸೆಕೆಂಡಿಗಿಂತ ಹೆಚ್ಚು ಕಾಯುವುದಿದ್ದರೆ ಆಫ್ ಮಾಡುವುದೇ ಉಳಿತಾಯ. ಸಣ್ಣ ಕಾರೂ ಸುಮ್ನೆ ನಿಂತಲ್ಲೇ ಗಂಟೆಗೆ ಹತ್ತಿರ ಹತ್ತಿರ ಅರ್ಧ ಲೀಟರ್ ಕುಡಿಯುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್. ದಿನಕ್ಕೆ ಹತ್ತು ನಿಮಿಷ, 200 ಶಾಲಾ ದಿನ ಎಂದು ಏಳನೇ ತರಗತಿಯವರು ಬೋರ್ಡ್ ಮೇಲೆ ಲೆಕ್ಕ ಹಾಕಿದರು. ಒಂದೇ ಕಾರಿಗೆ 38 ಕಿಲೋ ಬಂತು. ಕ್ಲಾಸಿನ ಎಷ್ಟೋ ಮಕ್ಕಳ ತೂಕ ಅಷ್ಟೇ!

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನಾವಿರುವುದೂ ಇಂಥದೇ ಕಿರಿದಾದ ನೆಲದಲ್ಲಿ. ರಸ್ತೆಯಲ್ಲಿ ಕೂತ ಮಸಿ, ಗಾಡಿಯಿಂದ ತೊಟ್ಟಿಕ್ಕಿದ ಆಯಿಲ್ ಜೂನ್‌ನ ಮೊದಲ ಮಳೆಗೇ ತೋಡಿಗೆ ಇಳಿಯುತ್ತದೆ, ಅಲ್ಲಿಂದ ಹೊಳೆಗೆ, ಕಡಲಿಗೆ. ನಮ್ಮ ಎಷ್ಟೋ ಮಕ್ಕಳ ಮನೆ ನಡೆಯುವುದು ಆ ಕಡಲಿನ ಬಂಗುಡೆ, ಬೂತಾಯಿಯಿಂದ. ಕಡಲ್ಕೊರೆತಕ್ಕೆ ತೆಂಗಿನ ಮರ ಕಳೆದುಕೊಂಡವರೂ ನಿಮ್ಮಲ್ಲಿದ್ದಾರೆ. ಭೂಮಿ ಬಿಸಿಯಾಗಿ ಕಡಲು ಏರುವುದು ನಮಗೆ ದೂರದ ಸುದ್ದಿ ಅಲ್ಲ.

ಸೋಮವಾರದಿಂದ ರಂಗಮಂಟಪದ ಕಡೆಯ ಗೇಟನ್ನು 3.30ಕ್ಕೇ ತೆರೆಯುತ್ತೇವೆ. ಗಾಡಿ ಆಫ್ ಮಾಡಿ ಒಳಗೆ ಬನ್ನಿ. ಬೆಂಚು, ಫ್ಯಾನು, ಕುಡಿಯುವ ನೀರು ಇದೆ, ಮಳೆ ಬಂದರೂ ನೆನೆಯುವುದಿಲ್ಲ. ನಮ್ಮ ಶಾಲಾ ವ್ಯಾನ್‌ಗಳ ಚಾಲಕರಿಗೆ, ಶಿಕ್ಷಕರಿಗೆ ಮೊದಲೇ ಹೇಳಿಯಾಗಿದೆ. ಬ್ಯಾಟರಿ ವೀಕ್ ಇರುವವರು ಮೈದಾನದ ಆಚೆ ಬದಿಯಲ್ಲಿ ನಿಲ್ಲಿಸಿ. ಸ್ಟಾರ್ಟ್ ಆಗದಿದ್ದರೆ ನೂಕಲು ನಾವು ಬರುತ್ತೇವೆ.

ಮುಂದಿನ ತಿಂಗಳು ಮಕ್ಕಳು ಪುನಃ ಅದೇ ದಾಸವಾಳದ ಎಲೆ ಒರೆಸಲಿದ್ದಾರೆ. ಕರ್ಚೀಫನ್ನು ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ.

ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ