ಇಪ್ಪತ್ತೇಳು ಜನ ಸಾಲದಾ, ಪುಟ್ಟಿ?

ಚಿಕ್ಕಮಗಳೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಹಾಸನದ ಹಾಸ್ಟೆಲ್ ಊಟ ಹೇಗಿದೆ ಅಂತ ಕೇಳುವುದಿಲ್ಲ. ಕೇಳಿದರೆ ನಿನ್ನ ದೊಡ್ಡಮ್ಮ ನಾಳೆಯೇ ಚಟ್ನಿಪುಡಿ ಕಟ್ಟಿಕೊಂಡು ಬಸ್ ಹತ್ತುತ್ತಾಳೆ.

‘ನಮ್ಮ ಕಾಮಿಕ್ಸ್ ಗುಂಪಿನಲ್ಲಿ ಇರೋದೇ ಇಪ್ಪತ್ತೇಳು ಜನ, ಯಾರು ನೋಡ್ತಾರೆ ದೊಡ್ಡಪ್ಪಾ’ ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡೆ. ನಿಮ್ಮಪ್ಪನನ್ನು ಕೇಳಿದರೆ ಅದೂ ಬೇಡ, ಬಿಟ್ಟು ಓದಿಕೋ ಅಂತಾನೆ. ನಾನು ಎರಡನ್ನೂ ಒಪ್ಪಲ್ಲ.

ರಜೆಗೆ ಬಂದಾಗ ತೋರಿಸಿದ್ದೆಯಲ್ಲ, ನಾಲ್ಕು ಚೌಕದ ಕಾಗೆ ಕತೆ? ಹಪ್ಪಳ ಕಾಯುವ ಅಜ್ಜಿ ತೂಕಡಿಸುತ್ತಾಳೆ, ಕೊನೇ ಚೌಕದಲ್ಲಿ ಕಾಗೆಯೇ ಕೋಲು ಹಿಡಿದು ಕಾಯುತ್ತಾ ಕೂತಿದೆ. ನಾನು ನಕ್ಕೆ, ಅಷ್ಟೇ. ಗುಂಪಿನ ಹುಡುಗನೊಬ್ಬ ‘ಕಾಗೆ ಕಾಲು ಹೀಗೆ ಮಡಚಲ್ಲ’ ಅಂತ ತಾನೇ ಗೆರೆ ಎಳೆದು ಕಳಿಸಿದ್ದ. ಇನ್ನೊಬ್ಬಳು, ಮೂರನೇ ಚೌಕದಲ್ಲಿ ಮಾತೇ ಬೇಡ, ಅಜ್ಜಿ ಬಾಯಿ ತೆರೆದಿದ್ದರೆ ಸಾಕು ಅಂದಿದ್ದಳು. ನೀನು ಮಾತು ಅಳಿಸಿದೆ, ಕತೆ ಎದ್ದು ಕೂತಿತು. ಸಾವಿರ ಜನ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದರೂ ಆ ಕಾಗೆ ಕಾಲು ನೆಟ್ಟಗಾಗುತ್ತಿರಲಿಲ್ಲ.

ಫ್ಲೆಕ್ಸ್ ಬರುವ ಮುಂಚೆ ನಾವೂ ಹಾಗೇ ಇದ್ದೆವು, ಬೋರ್ಡ್ ಬರೆಯುವ ಐದು ಜನ. ಸಂಜೆ ಟೀ ಅಂಗಡಿ ಬೆಂಚಿನಲ್ಲಿ ಒಬ್ಬರ ಅಕ್ಷರ ಇನ್ನೊಬ್ಬರು ಹರಿದು ಹಾಕುತ್ತಿದ್ದೆವು. ಒಂದು ಸಲ ನಾನು ‘ಹಿಟಿನ ಗಿರಣಿ’ ಅಂತ ಬರೆದು ದುಡ್ಡು ಎಣಿಸಿಕೊಂಡು ಬಂದುಬಿಟ್ಟಿದ್ದೆ. ಒತ್ತೇ ಮರೆತಿದ್ದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಗೆಳೆಯ ಅದನ್ನು ನೋಡಿದ. ಗಿರಣಿಯವನಿಗೆ ಹೇಳಲಿಲ್ಲ, ಸೀದಾ ನನ್ನ ಹತ್ತಿರ ಬಂದ. ರಾತ್ರಿ ಅವನು ಏಣಿ ಹಿಡಿದ, ಟಾರ್ಚ್ ಬಿಟ್ಟ. ನಾನು ಎನಾಮೆಲ್ಲಿನಲ್ಲಿ ಒತ್ತು ಕೊಟ್ಟೆ. ಬೆಂಚಿನ ಮೇಲೆ ಮಾತ್ರ ಒಂದು ತಿಂಗಳು ‘ಹಿಟಿನ’ ಅಂತಲೇ ನನ್ನನ್ನು ಕರೆದರು ಅನ್ನು!

ಓದಿನ ಮಾತು ಬಂತಲ್ಲ. 1942ರಲ್ಲಿ ‘ಕೊರವಂಜಿ’ ಅನ್ನೋ ನಗೆಪತ್ರಿಕೆ ಶುರು ಮಾಡಿದ ರಾಶಿ ಅವರು ವೃತ್ತಿಯಲ್ಲಿ ಡಾಕ್ಟರ್. 25 ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ದೊಡ್ಡ ಹೆಸರು ಮಾಡುವ ಮುಂಚೆ ಅದಕ್ಕೆ ಚಿತ್ರ ಬರೆದುಕೊಟ್ಟಿದ್ದರು. ನಿಮ್ಮಪ್ಪನಿಗೆ ಇದನ್ನು ನಾನೇ ಹೇಳುತ್ತೇನೆ, ನೀನು ಹೇಳಿದರೆ ಎದುರು ಮಾತಾಗುತ್ತೆ.

ನಿನಗೆ ಹೇಳಬೇಕಾದ್ದು ಬೇರೆ. ನಿನ್ನ ಚಿತ್ರಕ್ಕೆ ಎಷ್ಟು ಉತ್ತರ ಬಂತು ಅಂತ ಎಣಿಸ್ತೀಯಲ್ಲ, ನೀನು ಎಷ್ಟು ಜನರ ಚಿತ್ರ ಕೂತು ನೋಡಿದೆ? ‘ಸೂಪರ್’ ಅಂತ ಬರೆದು ಓಡಬೇಡ. ಯಾವ ಗೆರೆ ಹಿಡಿಸಿತು, ಎಲ್ಲಿ ತಡವರಿಸಿದೆ, ಅದನ್ನು ಬರಿ. ಸುಮ್ನೆ ನೋಡಿಕೊಂಡು ಇರುವವರೂ ಇರ್ತಾರೆ, ಅವರನ್ನು ಒಮ್ಮೆ ಮಾತಾಡಿಸು. ಒಬ್ಬರು ಬಿಡಿಸಿದ್ದನ್ನು ಕೇಳದೆ ಹೊರಗೆ ಹಂಚಬೇಡ. ಸಂಖ್ಯೆ ಜಾಸ್ತಿ ಆಗಲಿ ಅಂತ ಸಿಕ್ಕವರನ್ನೆಲ್ಲ ಸೇರಿಸಲೂ ಬೇಡ. ಹಾಸ್ಟೆಲ್ ವಿಳಾಸ ಯಾರಿಗೂ ಕೊಡಬೇಡ, ಇದು ದೊಡ್ಡಮ್ಮನ ಮಾತು, ನನ್ನದೂ ಹೌದು.

ಮುಂದಿನ ರಜೆಯಲ್ಲಿ ತರೀಕೆರೆ ಹತ್ತಿರದ ಅಮೃತಪುರಕ್ಕೆ ಹೋಗೋಣ. 1196ರ ಹೊಯ್ಸಳರ ದೇವಸ್ಥಾನ. ದಕ್ಷಿಣದ ಗೋಡೆಯಲ್ಲಿ ರಾಮಾಯಣ ಇದೆ, ಒಂದೊಂದು ಸಂಗತಿಗೆ ಒಂದೊಂದು ಚೌಕದಂತೆ 70. ನಿನ್ನ ಕಾಮಿಕ್ಸಿನ ಹಾಗೇ, ಕಲ್ಲಿನಲ್ಲಿ. ತಮಾಷೆ ಏನು ಗೊತ್ತಾ? ಪ್ರದಕ್ಷಿಣೆ ಬಂದರೆ ಕತೆ ಹಿಂದುಮುಂದಾಗುತ್ತೆ, ಉಲ್ಟಾ ನಡೆದುಕೊಂಡು ಓದಬೇಕು. ಅಲ್ಲಿ ಕೆತ್ತಿದ ಮಲ್ಲಿತಮ್ಮ ಆಗಿನ್ನೂ ಹೊಸಬ ಅಂತಾರೆ. ಅರವತ್ತು ವರ್ಷಕ್ಕೂ ಮೇಲೆ ಕಟ್ಟಿದ ಸೋಮನಾಥಪುರದ ದೇವಸ್ಥಾನದಲ್ಲೂ ಅವನ ಹೆಸರು ಇದೆ. ನಿನ್ನ ಗುಂಪಿನಲ್ಲಿ ಹತ್ತಿರದವರು ಯಾರಾದರೂ ಇದ್ದರೆ, ನೀನು ಚೆನ್ನಾಗಿ ಬಲ್ಲವರಾದರೆ, ಅವರೂ ಮನೆಯವರ ಜೊತೆ ಬರಲಿ. ಬುತ್ತಿ ನಮ್ಮದು.

ಈ ಪತ್ರದ ಜೊತೆ ನನ್ನ ಸಣ್ಣ ಬ್ರಷ್ ಎರಡು ಕಳಿಸಿದ್ದೇನೆ. ಕೂದಲು ಉದುರಿಲ್ಲ, ತೊಳೆದೇ ಇಟ್ಟಿದ್ದೆ. ನೀನು ಫೋನಿನಲ್ಲೇ ಬಿಡಿಸೋದು ಅಂತ ಗೊತ್ತು, ಇರಲಿ. ಕಾಗೆ ಕತೆ ಮುಂದುವರಿಸಿದರೆ ಕಳಿಸು. ಆ ಅಜ್ಜಿ ಥೇಟ್ ತನ್ನ ಹಾಗೇ ಇದ್ದಾಳೆ ಅಂತ ದೊಡ್ಡಮ್ಮನಿಗೆ ಸಿಟ್ಟು, ಆದರೂ ಮುಂದೇನಾಯ್ತು ಅಂತ ದಿನಾ ಕೇಳ್ತಾಳೆ.

ಇಂತಿ,
ನಿನ್ನ ದೊಡ್ಡಪ್ಪ