ಕಣ್ಣ ಸುತ್ತಲಿನ ಕಪ್ಪಿಗೆ ಸಿಕ್ಕಸಿಕ್ಕ ಕ್ರೀಮು ಬೇಡ

ಮಾನ್ಯರೇ,

ಗ್ಲಾಕೋಮಾಕ್ಕೆ (ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗುವ ಕಾಯಿಲೆ) ದಿನಾ ರಾತ್ರಿ ಹನಿ ಹಾಕಿಕೊಳ್ಳುವ ಕೆಲವರಿಗೆ ಒಂದಷ್ಟು ತಿಂಗಳಲ್ಲಿ ರೆಪ್ಪೆ ಮತ್ತು ಕಣ್ಣಿನ ಕೆಳಗಿನ ಚರ್ಮ ಕಪ್ಪಾಗುತ್ತದೆ. ನಿದ್ದೆಗೆಟ್ಟಿದ್ದಕ್ಕೋ, ರಕ್ತ ಕಡಿಮೆಯಾಗಿದ್ದಕ್ಕೋ, ನಮ್ಮ ರಾಯಚೂರಿನ ಬಿಸಿಲಿಗೋ ಹೀಗಾಗಿದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಕಾರಣ ಹನಿಯೇ ಇರಬಹುದು. ಲಟಾನೊಪ್ರೋಸ್ಟ್, ಟ್ರಾವೊಪ್ರೋಸ್ಟ್, ಬಿಮಾಟೊಪ್ರೋಸ್ಟ್ ಔಷಧಗಳು ಕಣ್ಣೊಳಗಿನ ದ್ರವ ಸರಾಗವಾಗಿ ಹೊರಹೋಗುವಂತೆ ಮಾಡಿ ಒತ್ತಡ ಇಳಿಸುತ್ತವೆ. ಚರ್ಮಕ್ಕೆ ತಾಗಿದರೆ ಅಲ್ಲಿ ಕಪ್ಪು ಬಣ್ಣ ಕೊಡುವ ಮೆಲನಿನ್ ಹೆಚ್ಚಿಸುತ್ತವೆ. ರೆಪ್ಪೆಗೂದಲು ಉದ್ದವಾಗಿ ದಪ್ಪಗಾಗುವುದೂ ಇವುಗಳಿಂದಲೇ. ಒಂದೇ ಕಣ್ಣಿಗೆ ಹಾಕುವವರಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಈ ಕಪ್ಪಿನಿಂದ ದೃಷ್ಟಿಗೇನೂ ತೊಂದರೆಯಿಲ್ಲ. ತೊಂದರೆ ಅದನ್ನು ತೆಗೆಯಲು ಹೊರಟಾಗ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ 'ಬೆಳ್ಳಗಾಗುವ' ಕ್ರೀಮುಗಳಲ್ಲಿ ಎಷ್ಟೋ ಸಲ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ರೆಪ್ಪೆಯ ಚರ್ಮ ಬಹಳ ತೆಳು. ವಾರಗಟ್ಟಲೆ ಹಚ್ಚಿದರೆ ಸ್ಟೀರಾಯ್ಡ್ ಒಳಗಿಳಿದು ಕಣ್ಣಿನ ಒತ್ತಡ ಏರಿಸಬಲ್ಲದು. ಹನಿ ಇಳಿಸಿದ್ದನ್ನು ಕ್ರೀಮು ಏರಿಸಿದಂತಾಯಿತು. ನೋವಿಲ್ಲ, ಕೆಂಪಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಗ್ಲಾಕೋಮಾದಲ್ಲಿ ಹೋದ ದೃಷ್ಟಿಯಂತೂ ಮರಳುವುದಿಲ್ಲ.

ಹನಿ ಹಾಕುವ ರೀತಿ ತಿದ್ದಿಕೊಂಡರೆ ಕಪ್ಪಾಗುವುದು ಎಷ್ಟೋ ತಗ್ಗುತ್ತದೆ. ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಕಣ್ಣಲ್ಲಿ ನಿಲ್ಲುವುದು ಹೆಚ್ಚೆಂದರೆ 30. ಮಿಕ್ಕದ್ದು ಕೆನ್ನೆಗೆ. ಎರಡನೇ ಹನಿ ಹಾಕಿದರೆ ಪೂರಾ ಚರ್ಮಕ್ಕೇ ಹೋದಂತೆ. ಮೊದಲು ರೆಪ್ಪೆಯ ಹೊರಚರ್ಮಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು, ಆ ಗುಳಿಯಲ್ಲಿ ಒಂದೇ ಹನಿ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ 2 ನಿಮಿಷ ಒತ್ತಿ ಹಿಡಿಯಿರಿ. ಪಿಳಿಪಿಳಿ ಮಾಡಿದರೆ ಔಷಧ ಹೊರಚೆಲ್ಲುತ್ತದೆ. ಚೆಲ್ಲಿದ್ದನ್ನು ಕಣ್ಣು ತೆರೆಯುವ ಮುಂಚೆಯೇ ಶುಭ್ರ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ (ಸೆರಗು, ಟವೆಲು ಬೇಡ). 5 ನಿಮಿಷ ಬಿಟ್ಟು ಮುಖ ತೊಳೆದುಕೊಳ್ಳಿ. ಎರಡೂ ಕಣ್ಣಿಗೆ ಹಾಕಿದರೂ 2.5 ಮಿ.ಲೀ. ಬಾಟಲಿ ಸಾಮಾನ್ಯವಾಗಿ ತಿಂಗಳು ಬರಬೇಕು. 15 ದಿನಕ್ಕೇ ಮುಗಿಯುತ್ತಿದ್ದರೆ ಹನಿ ಜಾಸ್ತಿ ಬೀಳುತ್ತಿದೆ ಎಂದೇ ತಿಳಿಯಿರಿ.

ಅಷ್ಟಾದರೂ ಕಪ್ಪು ಬೇಸರ ತರಿಸಿದರೆ ಹನಿಯನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ. ಬದಲಿಗೆ ಟಿಮೊಲಾಲ್, ಡಾರ್ಜೊಲಮೈಡ್ ಹನಿಗಳಿವೆ, ಕೆಲವರಿಗೆ ಲೇಸರ್ ಕೂಡ ಆಗುತ್ತದೆ. ಆದರೆ ಆಸ್ತಮಾ ಇರುವವರಿಗೆ ಟಿಮೊಲಾಲ್ ಆಗದು. ಔಷಧ ಬದಲಾದ ಮೇಲೆ ಚರ್ಮದ ಬಣ್ಣ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ.

ಈ ಹನಿ ಬರೆದುಕೊಡುವಾಗಲೇ ವೈದ್ಯರು ಕಪ್ಪಾಗುವ ವಿಷಯ ಒಂದು ಮಾತಲ್ಲಿ ತಿಳಿಸಲಿ. ಸ್ಟೀರಾಯ್ಡ್ ಕ್ರೀಮನ್ನು ಚೀಟಿಯಿಲ್ಲದೆ ಮಾರುವುದನ್ನು ಔಷಧ ನಿಯಂತ್ರಣ ಇಲಾಖೆ ತಾಲ್ಲೂಕು ಮಟ್ಟದಲ್ಲೂ ತಡೆಯಲಿ.

– ಕೆಲವು ನೇತ್ರ ಸಹಾಯಕರು, ರಾಯಚೂರು