ದೊಡ್ಡ ಬೈಕು ಕೊಳ್ಳುವ ಮುಂಚೆ, ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಓದಿದೆ. ಕೆಟಿಎಂ ಡ್ಯೂಕ್ 390, ಟ್ರಯಂಫ್ ಸ್ಪೀಡ್ 400, ರಾಯಲ್ ಎನ್‌ಫೀಲ್ಡ್ ಹಂಟರ್ 350, ಹೋಂಡಾ ಹೈನೆಸ್ ಸಿಬಿ 350 ಅಂತ ನಾಲ್ಕು ಹೆಸರು ಬರೆದು "ಯಾವುದು ಮಾಮ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬೈಕು ಕೊಳ್ಳುತ್ತಿರುವುದು ನನಗೆ ತುಂಬಾ ಖುಷಿ. ನಿಮ್ಮಮ್ಮನಿಗೆ ಭಯ ಇದೆ. ಅದು ಸುಳ್ಳು ಭಯವೇನೂ ಅಲ್ಲ, ಆದರೆ ಅವಳನ್ನು ಒಪ್ಪಿಸುವ ಕೆಲಸ ನನಗೆ ಬಿಡು.

ನನ್ನ ಉತ್ತರ ಇಲ್ಲೇ ಹೇಳಿಬಿಡುತ್ತೇನೆ: ಹಂಟರ್ ಅಥವಾ ಸಿಬಿ. ಎರಡರಲ್ಲಿ ಯಾವುದು ಅನ್ನೋದನ್ನು ನಿನ್ನ ಕಾಲು, ನಿನ್ನ ಬೆನ್ನು ಹೇಳಬೇಕು, ನಾನಲ್ಲ. ಸ್ಪೀಡ್ 400 ಒಳ್ಳೆಯ ಬೈಕು, ಎರಡು ವರ್ಷ ಬಿಟ್ಟು ತಗೋ. ಡ್ಯೂಕ್ ಈಗ ಬೇಡ. ಯಾಕೆ ಅಂತ ಹೇಳುತ್ತೇನೆ, ಸಮಾಧಾನವಾಗಿ ಓದು.

ನೀನು ಬೈಕಿಗೆ ಎರಡು ಕೆಲಸ ಹೇಳಿದ್ದೀಯ, ವಾರವೆಲ್ಲ ಆಫೀಸು, ಭಾನುವಾರ ಸುತ್ತಾಟ. ಆದರೆ ನೀನು ನೋಡುವ ವಿಡಿಯೋಗಳೆಲ್ಲ ಭಾನುವಾರದ್ದೇ ಅಲ್ವಾ? ಖಾಲಿ ರಸ್ತೆ, ಬೆಳಗಿನ ಬಿಸಿಲು, ಆರನೇ ಗೇರು. ಬನಶಂಕರಿಯಿಂದ ಹೊರಟು ಸಿಲ್ಕ್ ಬೋರ್ಡ್ ದಾಟಿ ಮಾರತ್‌ಹಳ್ಳಿ ಮುಟ್ಟುವ ಹೊತ್ತಿಗೆ ಮೂರನೇ ಗೇರು ಸಿಕ್ಕರೆ ಅದೇ ಪುಣ್ಯ. ಕ್ಲಚ್ಚು ಹಿಡಿ, ಬಿಡು, ಕಾಲು ಕೆಳಗಿಡು, ಎತ್ತು, ಪಕ್ಕದಲ್ಲಿ ನುಗ್ಗುವ ಆಟೋಗೆ ಜಾಗ ಬಿಡು, ಇದೇ ಇಡೀ ದಾರಿ. ಭಾನುವಾರಕ್ಕೆ ಅಂತ ತಗೊಂಡ ಬೈಕು ಸೋಮವಾರ ಹಿಂಸೆ ಕೊಟ್ಟರೆ ಸ್ವಲ್ಪ ದಿನದಲ್ಲೇ ನೀನು ಮತ್ತೆ ಆಕ್ಟಿವಾ ಕೀ ಎತ್ತಿಕೊಳ್ಳುತ್ತೀಯ, ಬೈಕು ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಲ್ಲುತ್ತದೆ. ವಾರವೆಲ್ಲ ಮುಟ್ಟದೆ ಭಾನುವಾರ ಮಾತ್ರ ಹತ್ತುವವರಿಗೆ ಕೈ ಪಳಗುವುದೇ ಇಲ್ಲ. ಅಂಥವರೇ ಘಾಟಿಯ ತಿರುವಿನಲ್ಲಿ ಗಾಬರಿಯಾಗಿ ಬ್ರೇಕು ಒತ್ತಿ ಬೀಳುತ್ತಾರೆ. ಸೋಮವಾರದ ಟ್ರಾಫಿಕ್ಕಿನಲ್ಲಿ ನಿನಗೆ ಸುಲಭವಾಗಿ ಒಗ್ಗುವ ಬೈಕೇ ಭಾನುವಾರವೂ ನಿನ್ನ ಮಾತು ಕೇಳುವುದು. ಇಷ್ಟೇ ನನ್ನ ಲೆಕ್ಕ, ಉಳಿದದ್ದೆಲ್ಲ ಇದರ ವಿವರ.

ಈಗ ಎಂಜಿನ್ ವಿಷಯ. ಎಲ್ಲರೂ ಪವರ್ ಎಷ್ಟು ಅಂತ ಕೇಳುತ್ತಾರೆ. ನೀನು ಟಾರ್ಕ್ ಕೇಳು, ಅಂದರೆ ಎಳೆಯುವ ಶಕ್ತಿ, ಅದೂ ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ಅಂತ ಕೇಳು. ಡ್ಯೂಕ್ 390ರಲ್ಲಿ 39 ನ್ಯೂಟನ್ ಮೀಟರ್ ಇದೆ, ಸ್ಪೀಡ್ 400ರಲ್ಲಿ 37.5. ಕಾಗದದ ಮೇಲೆ ಎರಡೂ ಭಾರಿ. ಆದರೆ ಅದು ಪೂರ್ತಿ ಸಿಗುವುದು 6500 ಆರ್‌ಪಿಎಂನಲ್ಲಿ. ಹಂಟರ್‌ನಲ್ಲಿ 27 ಮಾತ್ರ, ಆದರೆ 4000ಕ್ಕೇ ಸಿಗುತ್ತದೆ. ಹೋಂಡಾದ ಹೈನೆಸ್ ಸಿಬಿ 350ರಲ್ಲಿ 30, ಅದೂ 3000ಕ್ಕೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಎಂಜಿನ್ ತಿರುಗುವುದು ಹೆಚ್ಚುಕಮ್ಮಿ ಆ ಮಟ್ಟದಲ್ಲೇ. ಅಲ್ಲಿ ಡ್ಯೂಕ್ ಕುಲುಕುತ್ತದೆ, ಗೇರು ಇಳಿಸು ಅನ್ನುತ್ತದೆ, ಚೈನು ಕಟಕಟ ಅನ್ನುತ್ತದೆ. ಸಿಬಿ ಎರಡನೇ ಗೇರಿನಲ್ಲೇ ಸುಮ್ನೆ ಹೋಗುತ್ತಾ ಇರುತ್ತದೆ. ಗೇರೇ ಇಲ್ಲದ ಆಕ್ಟಿವಾದಿಂದ ಬರುವ ನಿನಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಡ್ಯೂಕ್ ಕೆಟ್ಟ ಬೈಕು ಅಂತ ಖಂಡಿತ ಹೇಳುತ್ತಿಲ್ಲ. ಈ ನಾಲ್ಕರಲ್ಲಿ ಹಗುರ ಅದೇ, 168 ಕೆಜಿ. ಹಂಟರ್, ಸಿಬಿ ಎರಡೂ 181. ಬ್ರೇಕು, ಸಸ್ಪೆನ್ಶನ್ ಎಲ್ಲ ಮೇಲ್ದರ್ಜೆಯದ್ದು. ತೊಂದರೆ ಏನು ಅಂದರೆ ಅದರ ಶಕ್ತಿ ಹಂಟರ್‌ನದ್ದಕ್ಕಿಂತ ಎರಡು ಪಟ್ಟು ಜಾಸ್ತಿ. ಒಂದು ಗುಂಡಿ ಹಾರಿದಾಗ ಆಕ್ಸಿಲರೇಟರ್ ಹಿಡಿದ ಕೈ ಅರಿವಿಲ್ಲದೆ ಒಂಚೂರು ತಿರುಗಿದರೆ ಸಾಕು, ಮುಂದಿನ ಕಾರಿನ ಬಂಪರ್ ಮೂಗಿನ ಹತ್ತಿರ ಇರುತ್ತದೆ. ಹಂಟರ್‌ನಲ್ಲಿ ಅದೇ ತಪ್ಪು ಮಾಡಿದರೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಮೊದಲ ವರ್ಷ ನಿನಗೆ ಬೇಕಾಗಿರುವುದು ಆ ಸಮಯ.

"ಆದರೆ ಹೈವೇನಲ್ಲಿ ಹಂಟರ್ ಸಾಲಲ್ಲ" ಅಂತ ನಿನ್ನ ಆಫೀಸಿನ ಹುಡುಗರು ಹೇಳಿದರಂತೆ. ಯಾವ ಹೈವೇ ಅಂತ ಅವರನ್ನು ಕೇಳು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ನೀನು ನಮ್ಮ ಮನೆಗೆ ಬರುವುದಾದರೆ ಸರ್ವೀಸ್ ರಸ್ತೆ, ಇಲ್ಲವೇ ಕನಕಪುರ, ಹಲಗೂರು, ಮಳವಳ್ಳಿ ದಾರಿ. ನಾನಂತೂ ಎರಡನೆಯದನ್ನೇ ಹೇಳುತ್ತೇನೆ, ಮರ ಇದೆ, ತಿರುವು ಇದೆ, ಊರುಗಳು ಇವೆ, ಅಲ್ಲಲ್ಲಿ ನಿಲ್ಲಿಸಿ ಎಳನೀರು ಕುಡಿಯಬಹುದು. ಅಲ್ಲಿ 70, 80ರಲ್ಲಿ ಹೋಗುವುದೇ ಚೆಂದ, ಆ ವೇಗದಲ್ಲಿ 20 ಅಶ್ವಶಕ್ತಿಯ ಬೈಕು ಬೆವರುವುದೂ ಇಲ್ಲ. ಮಾಗಡಿ ಕಡೆ ಸಾವನದುರ್ಗ, ತುಮಕೂರಿನ ಹತ್ತಿರ ದೇವರಾಯನದುರ್ಗ, ಎಲ್ಲವೂ ಇಂಥ ರಸ್ತೆಗಳೇ. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಮಾತ್ರ ಹೋಗಬೇಡ, ಟ್ರಾಫಿಕ್ಕಿನಲ್ಲಿ ಅದೂ ಸಿಲ್ಕ್ ಬೋರ್ಡೇ. ಮುಂದೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ಆಸೆ ಇದೆ ಅಂದಿದ್ದೆ. ಮಳೆಗಾಲದ ಮಂಜಿನಲ್ಲಿ ಅಲ್ಲಿ ಯಾವ ಬೈಕಿಗೂ ಜೋರಾಗಿ ಹೋಗಲು ಆಗುವುದಿಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನೇ ಬೈಕನ್ನು ಹಿಡಿದುಕೊಳ್ಳುವ ಹಾಗೆ ಇಳಿಸಬೇಕು, ಅದಕ್ಕೆ ಈ ನಿಧಾನದ, ಗಟ್ಟಿ ಎಂಜಿನ್ನುಗಳೇ ಚೆನ್ನ.

ದುಡ್ಡಿನ ಮಾತಿಗೆ ಬರೋಣ. 350 ಸಿಸಿ ಅನ್ನೋದು ಈಗ ಒಂದು ದೊಡ್ಡ ಗಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದು ದಾಟಿದರೆ ಶೇ 40. ಹಂಟರ್ 349 ಸಿಸಿ, ಸಿಬಿ 348, ಎರಡೂ ಗಡಿಯ ಈಚೆ. ಡ್ಯೂಕ್, ಸ್ಪೀಡ್ 400 ಆಚೆ. ವಿಮೆಯಲ್ಲೂ ಇದೇ ಗೆರೆ: ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 2022ರಲ್ಲಿ ನಿಗದಿಯಾದ ದರದ ಪ್ರಕಾರ 150ರಿಂದ 350 ಸಿಸಿವರೆಗೆ 7,365 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 15,117, ತೆರಿಗೆ ಬೇರೆ. ಕರ್ನಾಟಕದ ರಸ್ತೆ ತೆರಿಗೆಯೂ ಕಡಿಮೆ ಇಲ್ಲ. ಆದ್ದರಿಂದ ಜಾಹೀರಾತಿನ ಎಕ್ಸ್-ಷೋರೂಂ ಬೆಲೆ ನೋಡಿ ಇಎಂಐ ಲೆಕ್ಕ ಹಾಕಬೇಡ, ಆನ್-ರೋಡ್ ಬೆಲೆಯನ್ನು ಕಾಗದದಲ್ಲಿ ಬರೆಸಿಕೋ. ಟೆಫ್ಲಾನ್ ಕೋಟಿಂಗು, "ಕಡ್ಡಾಯ" ಆಕ್ಸೆಸರಿ ಕಿಟ್ಟು ಅಂತೆಲ್ಲ ಸೇರಿಸಿದ್ದರೆ ತೆಗೆಸು. ಕೇಳಿದರೆ ತೆಗೆಯುತ್ತಾರೆ. ಕ್ರ್ಯಾಶ್ ಗಾರ್ಡ್ ಮಾತ್ರ ಹಾಕಿಸು. ಸೀರೆ ಗಾರ್ಡೂ ಇರಲಿ, ಅಮ್ಮ ಹಿಂದೆ ಕೂರುವ ದಿನ ಬಂದೇ ಬರುತ್ತದೆ.

ಹಾಗೆ ಉಳಿದ ದುಡ್ಡು ಹೆಲ್ಮೆಟ್ಟಿಗೆ. ಇದರಲ್ಲಿ ನಾನು ಚೌಕಾಸಿಗೆ ಒಪ್ಪುವುದಿಲ್ಲ. ಈಗಿರುವ ಅರ್ಧ ಹೆಲ್ಮೆಟ್ಟು ಮನೆಯಲ್ಲಿಡು. ಪೂರ್ತಿ ಮುಖ ಮುಚ್ಚುವುದು ಬೇಕು, ಐಎಸ್‌ಐ ಗುರುತು ಇರಲೇಬೇಕು, ಜೊತೆಗೆ ಇಸಿಇ ಅನ್ನುವ ಯೂರೋಪಿನ ಸುರಕ್ಷತಾ ಸರ್ಟಿಫಿಕೇಟೂ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಹಾಕಿಕೊಂಡು ಹತ್ತು ನಿಮಿಷ ಹಾಗೇ ಕೂತಿರು. ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ಚರ್ಮವನ್ನೂ ಎಳೆದುಕೊಂಡು ತಿರುಗಬೇಕು, ತಾನೊಂದೇ ತಿರುಗಿದರೆ ಅದು ದೊಡ್ಡದಾಯಿತು ಅಂತ ಅರ್ಥ. ಆಮೇಲೆ ಗೆಣ್ಣು ಮುಚ್ಚುವ ಗ್ಲೌಸು, ಹಿಮ್ಮಡಿ ಗಂಟು ಮುಚ್ಚುವ ಶೂ. ಬೀಳುವಾಗ ಮೊದಲು ನೆಲಕ್ಕೆ ತಾಗುವುದು ಅಂಗೈ. ಜಾಕೆಟ್ಟು ಒಂದೆರಡು ತಿಂಗಳು ತಡವಾದರೂ ಸರಿ, ಇವು ಮೂರೂ ಬೈಕು ಮನೆಗೆ ಬರುವ ಮುಂಚೆ ಬಂದಿರಲಿ.

ಇನ್ನೊಂದು ವಿಷಯ, ನಿನ್ನ ಲೈಸೆನ್ಸು ತೆಗೆದು ನೋಡು. ಸ್ಕೂಟರ್‌ನಲ್ಲಿ ಟೆಸ್ಟ್ ಕೊಟ್ಟು ಗೇರಿಲ್ಲದ ವಾಹನಕ್ಕೆ ಮಾತ್ರ ಪಡೆದಿದ್ದರೆ ಗೇರಿನ ಬೈಕಿಗೆ ಅದು ನಡೆಯುವುದಿಲ್ಲ. ಸೇರ್ಪಡೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಲು ಅದೊಂದೇ ಸಾಕು.

ಟೆಸ್ಟ್ ರೈಡ್‌ಗೆ ಹೋದಾಗ ಷೋರೂಂನವರು ಅವರ ಬಡಾವಣೆ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಅದಕ್ಕೆ ಒಪ್ಪಬೇಡ. ಬೆಳಗ್ಗೆ ಖಾಲಿ ಹೊತ್ತಿನಲ್ಲಿ ಹೋಗಬೇಡ, ಸಂಜೆ ಟ್ರಾಫಿಕ್ಕಿನಲ್ಲೇ ಕೇಳು. ಹತ್ತುವ ಮುಂಚೆ ಎಂಜಿನ್ ಆಫ್ ಇರುವಾಗಲೇ ಕೂತು ಕಾಲಿನಿಂದ ಹಿಂದಕ್ಕೆ ತಳ್ಳು. ಆಕ್ಟಿವಾ 106 ಕೆಜಿ ಆಸುಪಾಸು, ಇದು 181. ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಇದನ್ನು ದಿನಾ ತಿರುಗಿಸಬೇಕಾದವಳು ನೀನು. ಸೀಟಿನ ಎತ್ತರದ ಅಂಕಿಯನ್ನು ಪೂರ್ತಿ ನಂಬಬೇಡ, ಹಂಟರ್ 790 ಮಿಲಿಮೀಟರ್, ಸಿಬಿ 800 ಅಂತ ಬರೆದಿರುತ್ತದೆ, ಆದರೆ ಸೀಟು ಅಗಲ ಇದ್ದರೆ ತೊಡೆ ಹರಡಿಕೊಂಡು ಕಾಲು ನೆಲಕ್ಕೆ ಸಿಗುವುದಿಲ್ಲ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಿದರೆ ಸಾಕು, ಹಿಮ್ಮಡಿ ಊರಲೇಬೇಕು ಅಂತೇನಿಲ್ಲ. ಕ್ಲಚ್ಚನ್ನು ಎರಡೇ ಬೆರಳಲ್ಲಿ ಹಿಡಿದು ನೋಡು. ಹಂಟರ್‌ಗೆ 2025ರಲ್ಲಿ ಕ್ಲಚ್ಚಿನ ಹಿಡಿತ ಹಗುರ ಮಾಡುವ ಸ್ಲಿಪ್ ಅಸಿಸ್ಟ್ ಕ್ಲಚ್ಚು ಕೊಟ್ಟು ಹಿಂದಿನ ಸಸ್ಪೆನ್ಶನ್ನನ್ನೂ ಬದಲಾಯಿಸಿದರು. ಅದಕ್ಕೂ ಮುಂಚಿನದು ಗುಂಡಿಗಳಲ್ಲಿ ಬೆನ್ನಿಗೆ ಹೊಡೆಯುತ್ತಿತ್ತು, ಆದ್ದರಿಂದ ಯಾರಾದರೂ ಹಳೇದನ್ನು ಕಡಿಮೆಗೆ ಕೊಡುತ್ತೇನೆ ಅಂದರೆ ಓಡಿಸಿ ನೋಡದೆ ಹೂಂ ಅನ್ನಬೇಡ. ಎಬಿಎಸ್, ಅಂದರೆ ಬ್ರೇಕು ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಎರಡೂ ಚಕ್ರಕ್ಕೆ ಇರುವ ವೇರಿಯಂಟನ್ನೇ ಕೇಳು. ಅಗ್ಗದ ವೇರಿಯಂಟುಗಳಲ್ಲಿ ಮುಂದಿನ ಚಕ್ರಕ್ಕೆ ಮಾತ್ರ ಕೊಟ್ಟಿರುವುದುಂಟು, ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಜಾರಿದರೆ ಉಳಿಸಿದ ದುಡ್ಡು ಯಾವ ಲೆಕ್ಕಕ್ಕೂ ಇಲ್ಲ.

ನಿನಗೆ ಯೆಜ್ಡಿ ಮೇಲೂ ಕಣ್ಣಿದೆ ಅಂತ ಅಮ್ಮ ಹೇಳಿದಳು. ಅದಕ್ಕೆ ಕಾರಣ ನಾನೇ ಇರಬೇಕು, ಜಾವಾ, ಯೆಜ್ಡಿ ಬೈಕು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಕಥೆ ಹೇಳಿ ಹೇಳಿ. 1961ರಿಂದ 1996ರವರೆಗೆ ನಮ್ಮ ಮೈಸೂರಿನಲ್ಲೇ ಆ ಬೈಕುಗಳು ತಯಾರಾಗುತ್ತಿದ್ದವು, ನಮ್ಮ ಕಾಲಕ್ಕೆ 250 ಸಿಸಿ ಅಂದರೇನೇ ದೊಡ್ಡ ಬೈಕು. ಆ ಡಬಲ್ ಸೈಲೆನ್ಸರ್ ಸದ್ದು ಕೇಳಿದರೆ ಈಗಲೂ ನನ್ನ ತಲೆ ತಾನಾಗಿ ತಿರುಗುತ್ತದೆ. ಆದರೆ ಈಗಿನ ಯೆಜ್ಡಿ ಬೇರೆ ಕಂಪನಿಯದ್ದು, ಬೇರೆ ಎಂಜಿನ್ನು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಇಷ್ಟವಾದರೆ ಅದನ್ನೂ ಓಡಿಸಿ ನೋಡು, ನಮ್ಮೂರಿನ ಹೆಸರಿಗೆ ಮಾತ್ರ ಕೊಳ್ಳಬೇಡ. ಯಾವುದೇ ಬೈಕಾದರೂ ನಿನ್ನ ಮನೆಯಿಂದ ಸರ್ವೀಸ್ ಸೆಂಟರ್ ಎಷ್ಟು ದೂರ ಅಂತ ನೋಡಿಕೋ. ಸಿಬಿಯಲ್ಲಿ ನನಗಿರುವ ಒಂದೇ ಅಳುಕು ಅದು, ಹೋಂಡಾದ ಎಲ್ಲ ಷೋರೂಂಗಳೂ ಅದನ್ನು ನೋಡಿಕೊಳ್ಳುವುದಿಲ್ಲ, ಬಿಗ್‌ವಿಂಗ್ ಅನ್ನುವ ಬೇರೆ ಮಳಿಗೆಗೇ ಹೋಗಬೇಕು. ರಾಯಲ್ ಎನ್‌ಫೀಲ್ಡ್ ಆದರೆ ಚಿಕ್ಕಮಗಳೂರಿನ ಗಲ್ಲಿಯಲ್ಲೂ ಕೈ ಹಾಕುವ ಮೆಕ್ಯಾನಿಕ್ ಸಿಗುತ್ತಾನೆ.

ಬೈಕು ಬಂದ ಮೇಲೆ ಮೊದಲ ಎರಡು ಭಾನುವಾರ ಎಲ್ಲಿಗೂ ಹೋಗಬೇಡ. ಖಾಲಿ ಮೈದಾನವೋ, ಹೊಸ ಬಡಾವಣೆಯ ಜನ ಇಲ್ಲದ ರಸ್ತೆಯೋ ಹುಡುಕಿಕೋ. ಅಲ್ಲಿ ಎರಡೇ ಕೆಲಸ. ಒಂದು, ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತಿಕೊಂಡು ಕ್ಲಚ್ಚು ಅರ್ಧ ಬಿಟ್ಟು ನಡಿಗೆಯ ವೇಗದಲ್ಲಿ ಯು-ಟರ್ನ್ ಹೊಡೆ, ತಿರುಗುವಾಗ ಮುಂದಿನ ಚಕ್ರ ನೋಡಬೇಡ, ಹೋಗಬೇಕಾದ ಕಡೆ ನೋಡು. ಇನ್ನೊಂದು, 30ರಿಂದ, ಆಮೇಲೆ 40ರಿಂದ, ಆಮೇಲೆ 50ರಿಂದ ಎರಡೂ ಬ್ರೇಕು ಸೇರಿಸಿ ನಿಲ್ಲಿಸು, ಮುಂದಿನದನ್ನು ಒಮ್ಮೆಗೇ ಹಿಂಡದೆ ಒತ್ತುತ್ತಾ ಹೋಗು. ಸ್ಕೂಟರ್‌ನವರಿಗೆ ಮುಂದಿನ ಬ್ರೇಕು ಅಂದರೆ ಹೆದರಿಕೆ, ಆದರೆ ಬೈಕು ನಿಲ್ಲಿಸುವ ಕೆಲಸದ ಬಹುಪಾಲು ಮಾಡುವುದು ಅದೇ. ಎಬಿಎಸ್ ಕೆಲಸ ಮಾಡಿದಾಗ ಲಿವರ್ ಬೆರಳಿಗೆ ಟಕಟಕ ಅಂತ ತಾಗುತ್ತದೆ. ಆ ಅನುಭವ ಮೈದಾನದಲ್ಲೇ ಆಗಿಬಿಡಲಿ, ಲಾರಿಯ ಹಿಂದೆ ಮೊದಲ ಸಲ ಆದರೆ ಹೆದರಿ ಬ್ರೇಕು ಬಿಟ್ಟುಬಿಡುತ್ತೀಯ. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾಗುವ ದೂರ ನಾಲ್ಕು ಪಟ್ಟು, ಇದನ್ನು ನೀನು ಶಾಲೆಯಲ್ಲೇ ಕಲಿತಿದ್ದೀಯ, ಅಲ್ಲಿ ಕಣ್ಣಾರೆ ನೋಡುತ್ತೀಯ.

ನಿಂತಲ್ಲೇ ಬೈಕು ವಾಲಿದರೆ ಹಿಡಿಯಲು ಹೋಗಬೇಡ, ಬಿಟ್ಟು ಸರಿದುಕೋ, ಕಾಲು ಕೆಳಗೆ ಸಿಕ್ಕಬಾರದು. ಎತ್ತುವಾಗ ಎಂಜಿನ್ ಆಫ್ ಮಾಡು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿಡು, ಗೇರಿನಲ್ಲಿರಲಿ, ಬೈಕಿಗೆ ಬೆನ್ನು ಕೊಟ್ಟು ಕುಳಿತು ಒಂದು ಕೈ ಹ್ಯಾಂಡಲ್, ಇನ್ನೊಂದು ಕೈ ಸೀಟಿನ ಕೆಳಗೆ ಹಿಡಿದು ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಏಳು. ಸೊಂಟ ಬಗ್ಗಿಸಿ ಎತ್ತಬೇಡ. ಮಳೆ ಬಂದರೆ ಮೆಟ್ರೋ ಕೆಲಸದ ಕಡೆ ರಸ್ತೆಗೆ ಹಾಸಿದ ಕಬ್ಬಿಣದ ಪ್ಲೇಟು, ಜೀಬ್ರಾ ಪಟ್ಟೆಯ ಬಣ್ಣ, ಇವೆರಡರ ಮೇಲೆ ಬ್ರೇಕೂ ಬೇಡ, ತಿರುಗಿಸುವುದೂ ಬೇಡ, ನೇರ ದಾಟು.

ಶನಿವಾರ ಸಂಜೆ ಸಿಬಿ, ಹಂಟರ್ ಎರಡನ್ನೂ ಒಂದೇ ದಿನ ಓಡಿಸಿ ನೋಡು, ಬೇರೆ ಬೇರೆ ದಿನ ಬೇಡ, ಹೋಲಿಕೆ ಸಿಗುವುದಿಲ್ಲ. ರಾತ್ರಿ ನನಗೆ ಫೋನ್ ಮಾಡು. ಡೆಲಿವರಿ ದಿನ ಮುಂಚೆಯೇ ತಿಳಿಸಿದರೆ ನಾನೂ ಬರುತ್ತೇನೆ, ಹೊಸ ಟೈರು ಮೊದಲ ನೂರು ಕಿಲೋಮೀಟರ್‌ವರೆಗೆ ಜಾರುತ್ತದೆ, ಷೋರೂಂನಿಂದ ನಿಮ್ಮ ಮನೆಯವರೆಗೆ ಬೇಕಿದ್ದರೆ ನಾನು ಓಡಿಸಿ ತಂದುಕೊಡುತ್ತೇನೆ. ನೀನೇ ಓಡಿಸುತ್ತೇನೆ ಅಂದರೆ ಇನ್ನೂ ಸಂತೋಷ, ಆಕ್ಟಿವಾ ಕೀ ನನಗೆ ಕೊಡು, ಹಿಂದೆಯೇ ಬರುತ್ತೇನೆ.

ನಿನ್ನ ಮಾಮ
ಮೈಸೂರು